ಸುಡುಗಾಡಿನ ಹಾಜರಿ

ಮ್ಯಾಗಲದೊಡ್ಡಿಯ ನೀರಗಂಟಿ ತಾಯಣ್ಣನಿಗೆ ದೆವ್ವಗಳಿಲ್ಲ ಎಂಬುದು ಖಚಿತವಾಗಿ ಗೊತ್ತಿತ್ತು. ನಾಲ್ಕು ಜನರ ನಡುವೆ, ಮೈಕಿನ ಮುಂದೆ ನಿಂತಾಗ ಅದು ಇನ್ನೂ ಖಚಿತವಾಗಿ ಗೊತ್ತಿರುತ್ತಿತ್ತು. ಹಿಂದಿನ ವರ್ಷದ ಬುದ್ಧ ಪೂರ್ಣಿಮೆಗೆ ಕೇರಿಯ ಸಮುದಾಯ ಭವನದಲ್ಲಿ, "ದೆವ್ವ, ಮಾಟ, ಭಾನಾಮತಿ, ಇವೆಲ್ಲ ನಮ್ಮನ್ನ ಹೆದರಿಸಿ ಇಡಾಕ ಕಟ್ಟಿದ ಕಥಿ. ತಾಕತ್ತಿದ್ರ ಒಂದು ದೆವ್ವ ನನ್ನ ಮುಂದ ಬಂದು ನಿಂದರ್ಲಿ" ಎಂದು ಸವಾಲು ಹಾಕಿ ಚಪ್ಪಾಳೆ ಗಿಟ್ಟಿಸಿದ್ದ. ಸಭೆ ಮುಗಿಸಿ ಮನೆಗೆ ಹೋಗುವಾಗ, ಹುಣಸೆಮರ ಹತ್ತಿರ ಬಂದಂತೆ, ಹೆಂಡತಿ ಬಸ್ಸಮ್ಮನನ್ನು ಮುಂದೆ ಬಿಟ್ಟು ತಾನು ಹಿಂದೆ ನಡೆದ. ಹೆಂಗಸರಿಗೆ ಮೊದಲ ಸ್ಥಾನ ಕೊಡಬೇಕೆಂಬುದು ಅವನ ಇನ್ನೊಂದು ತತ್ವ.

ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿತ್ತು. ರಾಯಚೂರಿನ ವಸತಿ ಶಾಲೆಯಲ್ಲಿ ಹತ್ತನೇ ಇಯತ್ತೆ ಓದುತ್ತಿದ್ದ ಮಗಳು ವಿಶಾಖಾ, ಟ್ರಂಕು ಹೊತ್ತುಕೊಂಡು ಪೋತ್ನಾಳದ ಕ್ರಾಸಿನಲ್ಲಿ ಇಳಿದಳು. ಟ್ರಂಕಿನ ಹಿಂದೆಯೇ ಅವಳ ವಿಜ್ಞಾನದ ಮಾಸ್ತರು ಅಬ್ದುಲ್ ವಹೀದ್ ಅವರ ಧ್ವನಿ ಬಂತು. ತಾಯಣ್ಣನ ಮೊಬೈಲಿಗೆ ಅವರು ಕಳಿಸಿದ ಸಂದೇಶ ಹೀಗಿತ್ತು: ಮಗು ಮನೆಯಲ್ಲಿ ಚೆನ್ನಾಗಿ ಓದಬೇಕಾದರೆ ಪಾಲಕರು ಶಾಂತವಾದ ಒಂದು ಜಾಗ ಮಾಡಿಕೊಡಬೇಕು. ಅಲ್ಲಿ ಗಾಳಿ ಬೆಳಕು ಇರಬೇಕು. ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂರಬೇಕು. ಯಾರೂ ಮಧ್ಯೆ ಬಂದು ಮಾತಾಡಿಸಬಾರದು. ಮಧ್ಯಾಹ್ನ ಹನ್ನೆರಡಕ್ಕೆ ಮೊಬೈಲಿನಲ್ಲಿ ಪಾಠ, ಕೊನೆಗೊಂದು ಬಾಯಿಮಾತಿನ ಪರೀಕ್ಷೆ. ಪಾಸಾದವರನ್ನು ಹಾಸ್ಟೆಲು ತೆರೆದ ದಿನವೇ ಕರೆಸಿಕೊಳ್ಳುತ್ತೇವೆ. ಉಳಿದವರದು ಆಮೇಲೆ ನೋಡೋಣ.

ಆ 'ಆಮೇಲೆ' ಎಂದರೇನು ಎಂದು ತಾಯಣ್ಣನಿಗೆ ಗೊತ್ತಿತ್ತು. ಅದು ದೇವದುರ್ಗದಲ್ಲಿ ಕುಳಿತಿತ್ತು. ಅವನ ಅಕ್ಕ ಮೌನೇಶ್ವರಿ ಆಗಲೇ ಫೋನು ಮಾಡಿದ್ದಳು.

"ಶಾಲಿ ಮುಚ್ಯಾವ, ಹುಡುಗಿ ಮನ್ಯಾಗ ಕುಂತಾಳ. ನನ್ನ ಮಗ ಕೃಷ್ಣನೂ ಟ್ರ್ಯಾಕ್ಟರ್ ನಿಂದ್ರಿಸಿ ಖಾಲಿ ಅದಾನ. ಮದಿವಿಗಿ ಮಂದಿ ಕರಿಯಂಗಿಲ್ಲ ಅಂತ ಸರ್ಕಾರನೇ ಹೇಳ್ಯಾದ. ಇದಕ್ಕಿಂತ ಚಲೋ ಮುಹೂರ್ತ ಎಲ್ಲಿ ಸಿಗ್ತದಲೇ ತಮ್ಮಾ?"

"ಅಕ್ಕಾ, ಆಕಿ ಓದಾಕತ್ತಾಳ."

"ಎಲ್ಲಿ ಓದಾಕತ್ತಾಳ? ನಿನ್ನ ಮನ್ಯಾಗ ಕುಂತು ಓದೋ ಹುಡುಗಿ ಇದ್ರ ನಾನೂ ನೋಡಬೇಕು. ಶನಿವಾರ ಬರ್ತೀನಿ."

ಅಕ್ಕನ ಮಾತಿನಲ್ಲಿ ನ್ಯಾಯವಿತ್ತು. ತಾಯಣ್ಣನದು ಒಂದೇ ಕೋಣೆಯ ಮನೆ. ಅದರಲ್ಲಿ ಒಲೆ, ಟ್ರಂಕು, ಟಿವಿ, ಆಡು ಮತ್ತು ಊರಿನ ನೀರಿನ ಜಗಳಗಳು ಒಟ್ಟಿಗೆ ಸಂಸಾರ ಮಾಡುತ್ತಿದ್ದವು. ನೀರಗಂಟಿಯ ಮನೆ ಎಂದರೆ ಸುಮ್ಮನಲ್ಲ. ಯಾರ ನಳದಲ್ಲಿ ನೀರು ಸಣ್ಣಗೆ ಬಂದರೂ ಕೊಡ ಹಿಡಿದು ಬಯ್ಯಲು ಬರುವುದು ಅಲ್ಲಿಗೇ. ತಾಯಣ್ಣ ಮಾಸ್ತರ ಮಾತನ್ನು ಶಿರಸಾವಹಿಸಿ, ನೆಲಕ್ಕೆ ಸುಣ್ಣದಿಂದ ಒಂದು ಗೆರೆ ಎಳೆದ. ಗೆರೆಯ ಆಚೆ ಅಭ್ಯಾಸದ ಕೋಣೆ, ಈಚೆ ಮನೆ ಎಂದು ಘೋಷಿಸಿದ. ಬಸ್ಸಮ್ಮ ಒಪ್ಪಿದಳು. ಆಡು ಒಪ್ಪಲಿಲ್ಲ. ಅದು ಗೆರೆ ದಾಟಿ ಸಮಾಜ ವಿಜ್ಞಾನದ ಮೊದಲ ಪಾಠವನ್ನು ಪೂರ್ತಿ ಮುಗಿಸಿತು.

ಗೆರೆ ಎಳೆದರೂ ಪಾಠಕ್ಕೆ ಸಾಲುವಷ್ಟು ನೆಟ್‌ವರ್ಕು ಬರಲಿಲ್ಲ. ನೆಟ್‌ವರ್ಕು ಇದ್ದದ್ದು ಪಂಚಾಯಿತಿ ಆಫೀಸಿನ ಒಳಕೋಣೆಯಲ್ಲಿ. ಅಲ್ಲಿ ಸರ್ಕಾರ ಕೊಟ್ಟ ಇಂಟರ್‌ನೆಟ್ಟಿನ ಡಬ್ಬಿ ಹಗಲೂ ರಾತ್ರಿ ಹಸಿರು ದೀಪ ಮಿಟುಕಿಸುತ್ತಿರುವುದನ್ನು ತಾಯಣ್ಣ ಕಿಟಕಿಯಿಂದ ಕಂಡಿದ್ದ. ಆದರೆ ಕೋಣೆಗೆ ಬೀಗ. ಬೀಗದ ಕೀಲಿ ಹನುಮಂತ್ರಾಯನ ಉಡದಾರದಲ್ಲಿ. ಪಂಚಾಯಿತಿಗೆ ಅಧ್ಯಕ್ಷೆ ಅವನ ಹೆಂಡತಿ ಚಂದ್ರಕಲಾ. ಸಹಿ ಆಕೆಯದು, ಕುರ್ಚಿ ಇವನದು. ಒಳಗೆ ದೀಪದ ಸುತ್ತ ಇವನ ಹೊಲದ ಗೊಬ್ಬರದ ಚೀಲಗಳು ಕುಳಿತಿದ್ದವು. ಕೇರಿಯ ಮಕ್ಕಳಿಗೆ ಪಾಠ ಕೇಳಲು ಕೋಣೆ ತೆಗೆಯಿರಿ ಎಂದು ತಾಯಣ್ಣ ಕೈಕಟ್ಟಿ ಕೇಳಿದಾಗ ಹನುಮಂತ್ರಾಯ, "ಅದು ಸರ್ಕಾರದ್ದಲೇ. ಕಂಡಕಂಡವರಿಗಿ ಬಿಟ್ರ ಖಾಲಿ ಆಗಿ ಹೋಗ್ತದ" ಎಂದಿದ್ದ. ಸಣ್ಣ ಮಕ್ಕಳಿಗೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಊರ ಮಾಸ್ತರು ಪಾಠ ಮಾಡುತ್ತಿದ್ದರು. ಕೇರಿಯ ಮಕ್ಕಳಿಗೂ ಅಲ್ಲಿ ಜಾಗವಿತ್ತು, ಕಟ್ಟೆಯಿಂದ ದೂರದ ಬೇವಿನ ಮರದ ಕೆಳಗೆ. ಅಂತರ ಕಾಪಾಡಿ ಎಂದು ಸರ್ಕಾರ ಈಗ ಹೇಳುತ್ತಿತ್ತು. ಈ ಊರಿಗೆ ಅದನ್ನು ಕಲಿಸುವ ಅಗತ್ಯವಿರಲಿಲ್ಲ.

ಹೀಗೆ ತಾಯಣ್ಣ ಮೊಬೈಲನ್ನು ತಲೆಯ ಮೇಲೆತ್ತಿ ಹಿಡಿದು ನೆಟ್‌ವರ್ಕು ಹುಡುಕುತ್ತ ಮಗಳೊಂದಿಗೆ ಹೊರಟ. ಕೇರಿ ದಾಟಿತು, ಹಳ್ಳ ದಾಟಿತು. ಒಂದು ದಿಬ್ಬದ ಮೇಲೆ ಮೊಬೈಲು ಟಿಣ್ ಎಂದಿತು. ವಹೀದ್ ಸರ್ ಅವರ ಮುಖ ಕನ್ನಡಿಯಲ್ಲಿ ಕಂಡಂತೆ ಕಂಡಿತು.

"ಯಪ್ಪಾ, ಬಂತು," ಎಂದಳು ವಿಶಾಖಾ.

ತಾಯಣ್ಣ ತಲೆ ಇಳಿಸಿ ತಾನು ನಿಂತ ಜಾಗ ನೋಡಿದ. ಅದು ಕೇರಿಯ ಸುಡುಗಾಡು. ಅವನ ಬಲಗಾಲು ಅವನ ಅಜ್ಜನ ಗೋರಿಯ ಮೇಲಿತ್ತು.

ಮಾಸ್ತರ ಸಂದೇಶವನ್ನು ವಿಶಾಖಾ ಅಲ್ಲಿಯೇ ಇನ್ನೊಮ್ಮೆ ಕೇಳಿಸಿದಳು. ಶಾಂತವಾದ ಜಾಗ. ಇದಕ್ಕಿಂತ ಶಾಂತವಾದದ್ದು ಮಾನ್ವಿ ತಾಲೂಕಿನಲ್ಲೇ ಇರಲಿಲ್ಲ. ಗಾಳಿ ಬೆಳಕು ಧಾರಾಳ. ಯಾರೂ ಮಧ್ಯೆ ಬಂದು ಮಾತಾಡಿಸುವಂತಿರಲಿಲ್ಲ. ಮಾತಾಡಿಸಿದರೆ ಏನು ಗತಿ ಎಂಬುದೇ ತಾಯಣ್ಣನ ಚಿಂತೆ.

"ಮುತ್ಯಾನ ಮ್ಯಾಲೆ ಕುಂತ್ರ ಪೂರ್ತಿ ನೆಟ್‌ವರ್ಕ್ ಬರ್ತದ" ಎಂದು ಹುಡುಗಿ ಗೋರಿಯ ಕಟ್ಟೆ ಒರೆಸಿ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಹನ್ನೆರಡಕ್ಕೇ ಯಾಕ ಬೇಕು ಪಾಠ? ಬೆಳಿಗ್ಗಿ ಮಾಡಾಕ ಬರಂಗಿಲ್ಲೇನು ನಿಮ್ಮ ಸರ್‌ಗ?" ಎಂದ ತಾಯಣ್ಣ. ಕಡುಮಧ್ಯಾಹ್ನ ಏನೇನು ಓಡಾಡುತ್ತವೆ ಎಂದು ಅವನ ತಾಯಿ ಹೇಳಿದ್ದು ಅವನ ಕಿವಿಯಲ್ಲಿತ್ತು.

"ಯಾಕ, ಹೆದರಿಕಿ ಏನು?"

"ಹೆದರಿಕಿ ಎಲ್ಲಿದು? ಬಿಸಲು, ಬಿಸಲು."

ಬಿಸಿಲಿಗೆಂದು ಒಂದು ಛತ್ರಿ, ಹಾವಿಗೆಂದು ವಾಲ್ವು ತಿರುವುವ ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಅವನು ದಿನವೂ ಮಗಳ ಹಿಂದೆ ನಿಲ್ಲತೊಡಗಿದ. ಕಬ್ಬಿಣ ಕಂಡರೆ ಹಾವಿನ ಹೊರತಾಗಿ ಇನ್ನೂ ಕೆಲವು ಹತ್ತಿರ ಸುಳಿಯುವುದಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ. ಸಲಾಕೆ ಎದೆಗೆ ಒತ್ತಿಕೊಂಡು, ಗೋರಿಗಳ ಕಡೆ ಬೆನ್ನು ಹಾಕುವುದೋ ಮುಖ ಹಾಕುವುದೋ ತಿಳಿಯದೆ ಸುತ್ತ ತಿರುಗುತ್ತ, ತುಟಿಯಲ್ಲೇ ಬುದ್ಧನ ತ್ರಿಸರಣ ಪಠಿಸುತ್ತ ನಿಂತಿರುತ್ತಿದ್ದ.

ಅವನು ಹೀಗೆ ತಿರುಗುತ್ತಿದ್ದುದನ್ನು ಮುಳ್ಳುಬೇಲಿಯ ಆಚೆಯಿಂದ ಕುರಿ ಕಾಯುವ ಮಾರೆಮ್ಮ ಕಂಡಳು. ಕಂಡಷ್ಟೇ ಆಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳಿಗೆ ಧ್ವನಿಯೂ ಕೇಳಿಸಿತು. ಗೋರಿಯ ಮೇಲೆ ಕೂತ ಹುಡುಗಿಯ ಬಾಯಿ ಮುಚ್ಚಿದೆ, ತಾಯಣ್ಣನ ತುಟಿ ಸದ್ದಿಲ್ಲದೆ ಆಡುತ್ತಿದೆ, ಮತ್ತೆ ನೆಲದ ಮಟ್ಟದಿಂದ ಒಬ್ಬ ಗಂಡಸು ಹೆಸರು ಹಿಡಿದು ಕರೆಯುತ್ತಿದ್ದಾನೆ.

"ಆನಂದ."

"ನಿಗಾರ್."

ಒಂದೊಂದು ಹೆಸರಿಗೂ ದೂರದಿಂದ ಯಾರೋ ಕ್ಷೀಣವಾಗಿ ಓಗೊಡುತ್ತಿದ್ದರು. ಆಮೇಲೆ ಧ್ವನಿ ಗಡುಸಾಯಿತು.

"ಹನುಮಂತ್ರಾಯ. ಹನುಮಂತ್ರಾಯ ಎಲ್ಲಿ ಅದಾನ? ಎಷ್ಟು ಸಲ ಕರೀಬೇಕು ಅವನ್ನ? ಮುಂದಿನ ಸೋಮವಾರದೊಳಗ ಓ ಅನ್ಲಿಲ್ಲ ಅಂದ್ರ ಹೆಸರು ಹೊಡದು ಹಾಕ್ತೀನಿ."

ವಹೀದ್ ಸರ್ ಹಾಜರಿಗೆ ಕರೆಯುತ್ತಿದ್ದುದು ಮಟಮಾರಿ ಊರಿನ ಅದೇ ಹೆಸರಿನ ಒಬ್ಬ ವಿದ್ಯಾರ್ಥಿಯನ್ನು. ಆದರೆ ಮ್ಯಾಗಲದೊಡ್ಡಿಗೆ ಗೊತ್ತಿದ್ದ ಹನುಮಂತ್ರಾಯ ಒಬ್ಬನೇ. ಸತ್ತವರು ಹೆಸರು ಹಿಡಿದು ಕರೆಯುತ್ತಾರೆ, ಓಗೊಟ್ಟವನು ಅವರ ಹಿಂದೆ ಹೋಗುತ್ತಾನೆ ಎಂದು ಆ ಸೀಮೆಯ ಕೂಸಿಗೂ ಗೊತ್ತು. ಮಾರೆಮ್ಮ ಕುರಿಗಳನ್ನು ಅಲ್ಲಿಯೇ ಬಿಟ್ಟು ಊರೊಳಗೆ ಓಡಿದಳು.

"ಅಧ್ಯಕ್ಷ್ರೇ, ಮನಿ ಮುಳುಗ್ತು. ತಾಯಣ್ಣ ಭಾನಾಮತಿ ಕಲ್ತಾನ. ಮಗಳನ್ನ ಗೋರಿ ಮ್ಯಾಲೆ ಕುಂದ್ರಿಸಿ ನಿಮ್ಮ ಹೆಸರು ಹಿಡಿದು ಕರಸಾಕತ್ತಾನ."

"ನೀನು ಕಿವಿಲೇ ಕೇಳಿದೇನು?" ಹನುಮಂತ್ರಾಯನ ಕೈ ಉಡದಾರದ ಕೀಲಿಯ ಮೇಲೆ ಹೋಯಿತು.

"ಈ ಎರಡೂ ಕಿವಿಲೇ ಕೇಳೀನಿ. ಸೋಮವಾರಕ್ಕ ನಿಮ್ಮನ್ನ ಹೊಡದು ಹಾಕ್ತೀನಿ ಅಂತು."

ಹೊಡೆದು ಹಾಕುವುದು ಹೆಸರನ್ನು ಎಂಬ ಸಣ್ಣ ವಿವರ ಓಡಿ ಬಂದ ಆಯಾಸದಲ್ಲಿ ದಾರಿಯಲ್ಲೆಲ್ಲೋ ಬಿದ್ದು ಹೋಗಿತ್ತು.

ಮರುದಿನ ತಾಯಣ್ಣ ಊರೊಳಗಿನ ವಾಲ್ವು ತಿರುವಿ, ಕನಕರಾಜನ ಹೋಟೆಲ್ಲಿನ ಮುಂದೆ ಎಂದಿನಂತೆ ಹೊರಗೆ ನಿಂತ. ಕೇರಿಯವರಿಗೆ ಅಲ್ಲಿ ಪ್ಲಾಸ್ಟಿಕ್ ಕಪ್ಪು, ಊರವರಿಗೆ ಸ್ಟೀಲ್ ಗ್ಲಾಸು. ಕುಡಿದು ಎಸೆಯುವುದೇ ಆರೋಗ್ಯಕ್ಕೆ ಒಳ್ಳೆಯದೆಂದು ಕನಕರಾಜ ಕೇಳಿದವರಿಗೆ ಹೇಳುತ್ತಿದ್ದ. ಇಂದು ಅವನು ಗಲ್ಲೆಯಿಂದ ಎದ್ದು ಬಂದ.

"ಹೊರಗ ಯಾಕ ನಿಂತೀರಿ ತಾಯಣ್ಣೋರೆ? ಒಳಗ ಬರ್ರಿ. ಫ್ಯಾನಿನ ಕೆಳಗ ಕುಂದರ್ರಿ."

ತಾಯಣ್ಣ ಹಿಂದೆ ತಿರುಗಿ ನೋಡಿದ. ಬೇರೆ ತಾಯಣ್ಣ ಯಾರೂ ಇರಲಿಲ್ಲ. ಸ್ಟೀಲ್ ಗ್ಲಾಸಿನಲ್ಲಿ ಚಹಾ ಬಂತು. ಮೇಲೆ ಕೆನೆ ತೇಲುತ್ತಿತ್ತು. ಎಪ್ಪತ್ತು ವರ್ಷಗಳಿಂದ ಕಾನೂನಿನಿಂದ ತೆರೆಸಲಾಗದ ಬಾಗಿಲನ್ನು ಇಲ್ಲದ ಒಂದು ದೆವ್ವ ಒಂದೇ ದಿನದಲ್ಲಿ ತೆರೆದಿತ್ತು. ಇದು ತಾಯಣ್ಣನಿಗೆ ತಿಳಿಯದು. ಅವನು ತಿಳಿದದ್ದು, ಇದು ಶಿಕ್ಷಣದ ಮಹಿಮೆ ಎಂದು. ಮಗಳು ಬಿಸಿಲಲ್ಲಿ ಕೂತು ಓದುವುದನ್ನು ಕಂಡು ಊರಿನ ಮನಸ್ಸು ಕರಗಿದೆ. ಅವನ ಎದೆ ಉಬ್ಬಿತು. ಆಗಲೇ ಹನುಮಂತ್ರಾಯ ಬಂದು, ಒಂದು ಬೆಂಚು ದೂರ ಬಿಟ್ಟು ಕುಳಿತ.

"ತಾಯಣ್ಣಾ, ಅದು... ದಿನಾ ನಡೀತದೇನು ಅದು?"

"ದಿನಾ ನಡೀತದ್ರಿ. ತಪ್ಪಿಸಂಗಿಲ್ಲ."

"ಯಾರು ಹೇಳಿಕೊಟ್ರು ನಿನಗ?"

"ರಾಯಚೂರಿನಾಗ ಗುರುಗಳದಾರ್ರಿ, ವಹೀದ್ ಅಂತ. ಭಾಳ ದೊಡ್ಡ ವಿದ್ಯಾ. ಅಲ್ಲೇ ಕುಂತು ಇಲ್ಲಿಗಿ ಮಾತಾಡ್ತಾರ."

ಹನುಮಂತ್ರಾಯ ಇನ್ನೊಂದು ಬೆಂಚು ಹಿಂದೆ ಸರಿದ. "ಮುಗಿಯೋದು ಯಾವಾಗ?"

"ಸೋಮವಾರ ಹನ್ನೆರಡಕ್ಕ ಕಡೀದು. ಅವತ್ತು ಯಾರು ಉಳೀತಾರ, ಯಾರು ಹೋಗ್ತಾರ, ಎಲ್ಲಾ ತೀರ್ಮಾನ ಆಗ್ತದ್ರಿ."

"ಅದನ್ನ ನಿಂದ್ರಸಾಕ ಬರಂಗಿಲ್ಲೇನು?"

ತಾಯಣ್ಣ ಕೆನೆ ಒರೆಸಿಕೊಂಡು ಅಭಿಮಾನದಿಂದ ಹೇಳಿದ: "ಯಾರಿಂದೂ ಸಾಧ್ಯ ಇಲ್ರಿ. ನನ್ನ ಮಗಳು ಇದೊಂದು ಮುಗಿಸ್ಲಿ, ಆಮ್ಯಾಲೆ ನೋಡ್ರಿ. ಈ ಊರಾಗ ಯಾರೂ ಮೊದ್ಲಿನಂಗ ಇರಂಗಿಲ್ಲ."

ಹನುಮಂತ್ರಾಯ ಚಹಾ ಬಿಟ್ಟು ಎದ್ದ. ತಾಯಣ್ಣನ ಚಹಾದ ಲೆಕ್ಕ ತನ್ನದಕ್ಕೆ ಬರೆದುಕೋ ಎಂದು ಕನಕರಾಜನಿಗೆ ಕೈಸನ್ನೆ ಮಾಡಿ ಹೊರಟುಹೋದ.

ಶನಿವಾರ ಮೌನೇಶ್ವರಿ ಟಂಟಂ ಆಟೋದಿಂದ ಇಳಿದಳು. ಇಳಿದಲ್ಲಿಯೇ ಮಾರೆಮ್ಮ ಸಿಕ್ಕಳು. ಹೀಗಾಗಿ ದೇವದುರ್ಗದಿಂದ ಹೊರಟ ಅಕ್ಕ ತಮ್ಮನ ಅಂಗಳ ಮುಟ್ಟುವಷ್ಟರಲ್ಲಿ ಬೇರೆಯವಳೇ ಆಗಿದ್ದಳು. ಹೊಸ್ತಿಲು ತುಳಿಯಲಿಲ್ಲ. ಬಸ್ಸಮ್ಮ ಕೊಟ್ಟ ನೀರನ್ನು ಕುಡಿಯದೆ ಗಿಡಕ್ಕೆ ಹಾಕಿ, ಗಿಡ ಏನಾಗುತ್ತದೆಂದು ನೋಡುತ್ತ ನಿಂತಳು.

"ಅತ್ತಿ, ಒಳಗ ಬಾ" ಎಂದಳು ವಿಶಾಖಾ.

"ಬ್ಯಾಡವ್ವ, ಬ್ಯಾಡ ನನ ತಾಯಿ. ನೀನು ಓದು. ಎಷ್ಟು ಬೇಕೋ ಅಷ್ಟು ಓದು. ಕೃಷ್ಣಗ ಬ್ಯಾರೆ ಕಡಿ ನೋಡೀವಿ. ಅವನ ಹೆಸರು ಮಾತ್ರ ಎಲ್ಲೂ ತಗೀಬ್ಯಾಡ."

ಹೋಗುವ ಮುಂಚೆ ಬಸ್ಸಮ್ಮನನ್ನು ಹಿತ್ತಲಿಗೆ ಕರೆದು ಊರಿನ ಸುದ್ದಿಯನ್ನೆಲ್ಲ ಹೇಳಿದಳು. ಹೇಳಿ ಬಂದ ಟಂಟಂನಲ್ಲೇ ವಾಪಸಾದಳು.

ತಾಯಣ್ಣ ಬಂದಾಗ ಬಸ್ಸಮ್ಮ ಒಲೆ ಹಚ್ಚದೆ ಕೂತಿದ್ದಳು.

"ಚಲೋ ಆತು ಬಿಡು," ಎಂದ ಅವನು. "ಅಕ್ಕಗೂ ಓದಿನ ಬೆಲಿ ತಿಳೀತು. ಊರಿಗೂ ತಿಳೀತು. ನಾ ದಿನಾ ಒಳಗ ಕುಂತು ಸ್ಟೀಲಿನಾಗ ಚಹಾ ಕುಡಿಯಾಕತ್ತೀನಿ."

"ಕುಡೀರಿ. ಹಲ್ಲು ಇರೋತನ ಕುಡೀರಿ."

"ಹಲ್ಲು ಯಾಕ?"

"ನೀವು ಭಾನಾಮತಿ ಮಾಡ್ತೀರಿ ಅಂತ ಊರಾಗ ಆಗ್ಯಾದ. ಮಗಳ ಕೈಲೆ ಹನುಮಂತ್ರಾಯನ ಹೆಸರು ಕರಸಾಕತ್ತೀರಂತ. ನಮ್ಮ ತವರಿನ ಕಡಿ ಒಬ್ಬ ಮುದುಕಗ ಇದೇ ಮಾತು ಹೇಳಿ ಬಾಯಾಗಿನ ಹಲ್ಲು ಒಂದೂ ಬಿಡದಂಗ ಕಿತ್ತಿದ್ರು. ಹಲ್ಲು ಹೋದ್ರ ಮಂತ್ರ ಹೊರಡಂಗಿಲ್ಲಂತ. ಅಂವ ಆಮ್ಯಾಲೆ ಗಂಜಿ ಕುಡಕೊಂತನ ಸತ್ತ."

ತಾಯಣ್ಣ ಬಾಯಿ ಮುಚ್ಚಿದ. ಹೋಟೆಲ್ಲಿನಲ್ಲಿ ಆಡಿದ ಒಂದೊಂದು ಮಾತೂ ಅವನ ತಲೆಯೊಳಗೆ ಬೇರೆ ಅರ್ಥದಲ್ಲಿ ಮರಳಿ ಬಂತು. ಯಾರು ಉಳೀತಾರ, ಯಾರು ಹೋಗ್ತಾರ. ಸುಣ್ಣದ ಗೆರೆಯ ಮೇಲೆಯೇ ಕುಳಿತುಬಿಟ್ಟ. ಸುಡುಗಾಡಿನಲ್ಲಿ ಸತ್ತವರಿಗೆ ಹೆದರಿ ನಿಂತಿದ್ದ ಅಷ್ಟೂ ಹೊತ್ತು ಬದುಕಿದವರ ಕಡೆ ಬೆನ್ನು ಮಾಡಿದ್ದನಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಭಾನುವಾರ ಇಡೀ ದಿನ ಅವನು ಒಂದರ ಮೇಲೊಂದು ಎರಡು ಮಾಸ್ಕು ಕಟ್ಟಿಕೊಂಡು ಕೂತ. ಕೊರೋನಾಕ್ಕೆ ಕೊಟ್ಟ ಮಾಸ್ಕನ್ನು ಹಲ್ಲಿನ ರಕ್ಷಣೆಗೆ ಬಳಸಿದ ಮೊದಲ ಮನುಷ್ಯ ಬಹುಶಃ ಅವನೇ. ನೀರು ಬಂದಿಲ್ಲವೆಂದು ಬಯ್ಯಲು ಒಬ್ಬರೂ ಬರಲಿಲ್ಲ. ಆಡು ಕೂಡ ಒದರಲಿಲ್ಲ. ಮಾಸ್ತರು ಹೇಳಿದ ಶಾಂತಿ ಕೊನೆಗೂ ಮನೆಗೆ ಬಂದಿತ್ತು.

"ನಾಳೆ ಹೋಗಾದು ಬ್ಯಾಡ," ಎಂದ ಮಾಸ್ಕಿನೊಳಗಿಂದ.

"ನಾಳೆ ಪರೀಕ್ಷಾ ಅದ ಯಪ್ಪಾ."

"ಪರೀಕ್ಷಾ ಮುಂದಿನ ವರ್ಷಾನೂ ಬರ್ತದ. ಹಲ್ಲು ಬರಂಗಿಲ್ಲ."

"ಮುಂದಿನ ವರ್ಷ ಅತ್ತಿನೂ ಬರ್ತಾಳ. ಈ ಸುದ್ದಿ ತಣ್ಣಗಾದಿಂದ ಬಂದೇ ಬರ್ತಾಳ. ಬುದ್ಧ ಪೂರ್ಣಿಮಾಕ್ಕ ಮೈಕ್ ಹಿಡಿದು ಏನ್ ಅಂದಿದ್ದಿ?"

"ಮೈಕಿನಾಗ ಹೇಳಿದ್ದು ಮೈಕಿಗಿ."

ವಿಶಾಖಾ ಛತ್ರಿ ತೆಗೆದು ಬಾಗಿಲ ಬಳಿ ಇಟ್ಟಳು. ಒಬ್ಬಳೇ ಹೋಗುತ್ತಾಳೆ ಎಂಬುದು ಆ ಛತ್ರಿಯ ಅರ್ಥ. ಸೋಮವಾರ ಹನ್ನೊಂದೂವರೆಗೆ ಅವಳು ಹೊರಟಾಗ ಹಿಂದೆ ಸಲಾಕೆಯ ಸದ್ದು ಬಂತು. ತಾಯಣ್ಣ ಮೂರನೆಯ ಮಾಸ್ಕು ಕಟ್ಟಿಕೊಂಡಿದ್ದ.

ಪಾಠ ಶುರುವಾಗುವ ಹೊತ್ತಿಗೆ ಊರು ಬಂತು. ಹನುಮಂತ್ರಾಯ ಮುಂದೆ, ಹಿಂದೆ ಬಡಿಗೆ ಹಿಡಿದ ಗಂಡಸರು, ಪಕ್ಕದಲ್ಲಿ ಕನಕರಾಜ. ಕನಕರಾಜನ ಕೈಯಲ್ಲಿ ಹಾಲಿನ ಪಾತ್ರೆ ಇಳಿಸುವ ಇಕ್ಕಳವಿತ್ತು. ಮೊನ್ನೆ ಕೆನೆ ಹಾಕಿ ಚಹಾ ಕೊಟ್ಟ ಕೈ ಅದು. ತಾಯಣ್ಣ ಇಕ್ಕಳ ನೋಡಿದ. ನಾಲಿಗೆ ತಾನಾಗಿ ಹಲ್ಲುಗಳ ಮೇಲೆ ಓಡಾಡಿ, ಎಲ್ಲ ಇದ್ದಾವೆಯೇ ಎಂದು ನೋಡಿಕೊಂಡು ಬಂತು.

ಆದರೆ ಗುಂಪು ಮುಳ್ಳುಬೇಲಿಯ ಹತ್ತಿರ ಬಂದು ನಿಂತುಬಿಟ್ಟಿತು. ಒಳಗೆ ಭಾನಾಮತಿ. ಅದಿರಲಿ, ಒಳಗೆ ಕೇರಿಯ ಸುಡುಗಾಡು. ತಲೆತಲಾಂತರದಿಂದ ಊರಿನ ಒಂದು ಕಾಲೂ ಆ ನೆಲ ಮುಟ್ಟಿರಲಿಲ್ಲ. ಮುಟ್ಟಿದರೆ ಮನೆಗೆ ಹೋಗಿ ಏನೇನು ತೊಳೆಯಬೇಕೋ ಯಾರಿಗೂ ತಿಳಿಯದು. ಇಡೀ ಊರಿನಲ್ಲಿ ತಾಯಣ್ಣ ಅತ್ಯಂತ ಹೆದರುತ್ತಿದ್ದ ಜಾಗವೇ ಈಗ ಅವನಿಗಿದ್ದ ಒಂದೇ ಕೋಟೆ. ಅವನು ಮೆಲ್ಲಗೆ ಹಿಂದೆ ಸರಿದು, ಅಜ್ಜನ ಗೋರಿಗೆ ಮೊದಲ ಸಲ ಪ್ರೀತಿಯಿಂದ ಬೆನ್ನು ಕೊಟ್ಟ.

"ಇದು ಮೊಬೈಲಿನ ಕ್ಲಾಸ್ ಅದ್ರಿ," ವಿಶಾಖಾ ಕೂತಲ್ಲಿಂದಲೇ ಕೂಗಿ ಹೇಳಿದಳು. "ಮಾತಾಡೋರು ನಮ್ಮ ವಹೀದ್ ಸರ್. ಬ್ಯಾರೆ ಊರಿನ ಹುಡುಗರು ಓ ಅಂತಾರ. ಬಂದು ನೋಡ್ರಿ."

ಯಾರೂ ಬರಲಿಲ್ಲ.

"ಒಬ್ಬರಾದ್ರೂ ಬರ್ರಿ. ಕಾಲಿಟ್ಟು ಬಂದು ಕಣ್ಣಿಲೇ ನೋಡ್ರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೆಲಕ್ಕೆ ಕಾಲಿಟ್ಟು ನಿಜ ತಿಳಿಯುವುದಕ್ಕಿಂತ ಬೇಲಿಯ ಆಚೆ ನಿಂತು ದೆವ್ವ ನಂಬುವುದೇ ಅವರಿಗೆ ಸಲೀಸಾಗಿತ್ತು.

ಬಂದವನು ಒಬ್ಬನೇ, ಜಮಾದಾರ ಸೈಫುದ್ದೀನ್. ಬಸ್ಸಮ್ಮ ಬೆಳಿಗ್ಗೆಯೇ ಪೊಲೀಸರಿಗೆ ಫೋನು ಹಚ್ಚಿದ್ದಳು. ಅವನು ಮೋಟಾರ್‌ಸೈಕಲ್ಲು ನಿಲ್ಲಿಸಿ, ಬೇಲಿ ಸರಿಸಿ ಒಳಗೆ ಹೋಗಿ, ಮೊಬೈಲು ಇಣುಕಿ, ಒಂದೆರಡು ಪ್ರಶ್ನೆ ಕೇಳಿಸಿಕೊಂಡು ಹೊರಬಂದ.

"ಪರೀಕ್ಷಾ ನಡದದ. ಹುಡುಗಿ ಚಲೋ ಓದ್ಯಾಳ. ಹೋಗ್ರಿ ಮನಿಗಿ. ಬಡಿಗಿ ಎತ್ತಿದ್ರ ಎಲ್ಲಾರನ್ನೂ ಮಾನ್ವಿಗಿ ಒಯ್ತೀನಿ."

ಮಾರೆಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಸಾಹೇಬ್ರ ಕಣ್ಣು ನೋಡ್ರಿ. ಹ್ಯಾಂಗ ಕೆಂಪಗಾಗ್ಯಾವ."

"ಡ್ಯೂಟಿ ಮಾಡಿ ನಿದ್ದಿ ಇಲ್ಲವ್ವ ನನಗ."

"ನಿದ್ದೀನೂ ತಗೊಂಡಾನ," ಎಂದಳು ಮಾರೆಮ್ಮ. ಗುಂಪು ಜಮಾದಾರನಿಂದಲೂ ದೂರ ಸರಿಯಿತು. ಕಾನೂನಿಗೇ ಭಾನಾಮತಿಯಾದ ಮೇಲೆ ಇನ್ನು ಯಾರನ್ನು ನಂಬುವುದು.

ಮೊಬೈಲಿನಿಂದ ವಹೀದ್ ಸರ್ ಕಡೆಯ ಪ್ರಶ್ನೆ ಕೇಳಿದರು: "ವಿಶಾಖಾ, ಕಬ್ಬಿಣಕ್ಕ ತುಕ್ಕು ಯಾಕ ಹಿಡೀತದ?"

ಅವಳು ಜನರ ಕಡೆಗೇ ಮುಖ ಮಾಡಿ, ನೆಟ್‌ವರ್ಕಿಗೆಂದು ಗಟ್ಟಿಯಾಗಿ ಹೇಳಿದಳು: "ಗಾಳಿ ಮತ್ತು ನೀರು ಎರಡೂ ಸೇರಿ ಕಬ್ಬಿಣವನ್ನು ತಿನ್ನುತ್ತವೆ ಸರ್. ಕಣ್ಣಿಗೆ ಕಾಣದ ಹಾಗೆ, ನಿಧಾನವಾಗಿ. ಮೊದಲು ಮೇಲ್ಮೈ ಕೆಂಪಾಗುತ್ತದೆ. ಆಮೇಲೆ ಒಳಗೂ ಹಬ್ಬಿ ಪುಡಿಪುಡಿಯಾಗುತ್ತದೆ."

ಕನಕರಾಜ ತನ್ನ ಇಕ್ಕಳ ನೋಡಿದ. ವರ್ಷಗಟ್ಟಲೆ ಹಾಲು, ನೀರು, ಹಬೆ ಉಂಡ ಇಕ್ಕಳ. ಮೂಲೆ ಮೂಲೆಯಲ್ಲಿ ಕೆಂಪಾಗಿತ್ತು. ಅವನು ಅದನ್ನು ಕೆಂಡ ಹಿಡಿದವನಂತೆ ಕೈಬಿಟ್ಟು, ಅಂಗೈಯನ್ನು ಲುಂಗಿಗೆ ಉಜ್ಜತೊಡಗಿದ.

"ಪಾಸ್," ಎಂದಿತು ಧ್ವನಿ. "ವಿಶಾಖಾ, ಹಾಸ್ಟೆಲ್ ತಗದ ದಿನ ಬಂದುಬಿಡು. ಅಲ್ಲೀತನ ದಿನಾ ಪಾಠ ನಡೀತದ. ಕಡೀದಾಗಿ, ಹನುಮಂತ್ರಾಯ."

ಬೇಲಿಯ ಆಚೆ ಎಲ್ಲರೂ ಹನುಮಂತ್ರಾಯನನ್ನು ನೋಡಿದರು. ಅವನು ಎರಡೂ ಕೈಗಳಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ. ಓಗೊಟ್ಟರೆ ಹೋಗುವುದು, ಓಗೊಡದಿದ್ದರೆ ಹೊಡೆಯುವುದು.

"ಹನುಮಂತ್ರಾಯ, ಇವತ್ತೂ ಇಲ್ಲ. ಹೋಗ್ಲಿ, ನಾಳೆ ಒಂದು ದಿನ ಬಿಡ್ತೀನಿ. ಅದೇ ಕಡೀದು."

ಧ್ವನಿ ನಿಂತಿತು. ಹನುಮಂತ್ರಾಯ ಬೇಲಿಯ ಗೂಟ ಹಿಡಿದು ಮಾತು ಹೊರಡಿಸಿದ. "ತಾಯಣ್ಣಾ, ನಿನ್ನ ಕಾಲಿಗಿ ಬೀಳ್ತೀನಿ. ಏನ್ ಬೇಕು ಕೇಳು. ಹುಡುಗೀನ ಅಲ್ಲಿಂದ ಎಬ್ಬಿಸು."

ತಾಯಣ್ಣನಿಗೆ ಹೇಳಬೇಕಾದ ಭಾಷಣ ಬಾಯಿಪಾಠವಿತ್ತು. ದೆವ್ವ ಇಲ್ಲ, ಭಾನಾಮತಿ ಇಲ್ಲ, ಎಲ್ಲಾ ಕಟ್ಟಿದ ಕಥಿ. ಮೂರು ಮಾಸ್ಕುಗಳ ಹಿಂದಿನಿಂದ ಅಷ್ಟು ದೊಡ್ಡ ಮಾತು ದಾಟಿ ಬರಲಿಲ್ಲ. ಬಂದದ್ದು ಇಷ್ಟೇ:

"ಪಂಚಾಯಿತಿ ಕೋಣಿ ಕೀಲಿ ಕೊಡ್ರಿ. ಆಕಿ ಅಲ್ಲಿ ಕುಂದ್ರತಾಳ. ಕೇರಿ ಹುಡುಗರೆಲ್ಲ ಕುಂದ್ರತಾರ."

"ಅಲ್ಲಿ ಕುಂತ್ರ ಈ ಧ್ವನಿ ಬಿಡ್ತದೇನು?"

ಸುಳ್ಳು ಹೇಳಲು ತಾಯಣ್ಣನಿಗೆ ಧೈರ್ಯ ಸಾಲಲಿಲ್ಲ. "ಅಲ್ಲೂ ಬರ್ತದ್ರಿ. ಹಸಿರು ದೀಪ ಇದ್ದಲ್ಲಿ ಇನ್ನೂ ಸ್ಪಷ್ಟ ಬರ್ತದ."

ಹನುಮಂತ್ರಾಯ ತತ್ತರಿಸಿದ. ಆದರೆ ಪಂಚಾಯಿತಿಯ ಎದುರಿಗೇ ಹನುಮಪ್ಪನ ಗುಡಿ. ಬರುವುದಿದ್ದರೆ ದೇವರ ಕಣ್ಣೆದುರು ಬರಲಿ ಎಂದು ಲೆಕ್ಕ ಹಾಕಿ, ಉಡದಾರದಿಂದ ಕೀಲಿ ಬಿಚ್ಚಿ ಬೇಲಿಯ ಮೇಲಿಂದ ಒಳಗೆ ಎಸೆದ. ಕೀಲಿ ಮಣ್ಣಿನಲ್ಲಿ ಬಿತ್ತು. ಕೂಲಿಯೂ ರೊಟ್ಟಿಯೂ ನೀರೂ ಅವನ ಮನೆತನದಿಂದ ಈ ಕಡೆಗೆ ಯಾವಾಗಲೂ ಹೀಗೆಯೇ ಬಂದಿದ್ದವು, ಮೇಲಿನಿಂದ, ಮುಟ್ಟದ ಹಾಗೆ. ತಾಯಣ್ಣನ ಬೆನ್ನು ತಾನಾಗಿ ಬಾಗಿತು.

"ಯಪ್ಪಾ, ಎತ್ಕೋಬ್ಯಾಡ," ಎಂದಳು ವಿಶಾಖಾ.

ಅವನು ಅರ್ಧ ಬಾಗಿದಲ್ಲಿಯೇ ನಿಂತ.

"ಕೈಯಾಗ ಕೊಡಾಕ ಹೇಳು."

"ಬಿಡವ್ವ, ಕೀಲಿ ಬಂತಲ್ಲ," ಎಂದು ಪಿಸುಗುಟ್ಟಿದ. ಹುಡುಗಿ ಮೊಬೈಲನ್ನು ಮಡಿಲಿನಿಂದ ಎತ್ತಿ, ಇನ್ನೊಮ್ಮೆ ಹಚ್ಚಲೇನು ಎಂಬಂತೆ ಹೆಬ್ಬೆರಳನ್ನು ಅದರ ಮೇಲೆ ಇಟ್ಟಳು. ಹನುಮಂತ್ರಾಯ ಆ ಹೆಬ್ಬೆರಳು ನೋಡಿದ. ಚಪ್ಪಲಿ ಕಳಚಿದ. ಕಳಚಬೇಕೋ ಬೇಡವೋ ತಿಳಿಯದೆ ಒಂದನ್ನು ಮತ್ತೆ ಮೆಟ್ಟಿಕೊಂಡ. ಬೇಲಿ ಸರಿಸಿ ಊರಿನ ಎದುರಿಗೆ ಆ ನೆಲಕ್ಕೆ ಕಾಲಿಟ್ಟು, ಕೀಲಿ ಎತ್ತಿ, ಮಣ್ಣು ಒರೆಸಿ, ತಾಯಣ್ಣನ ಅಂಗೈಯಲ್ಲಿ ಇಟ್ಟ.

ಮಂಗಳವಾರ ಗೊಬ್ಬರದ ಚೀಲಗಳು ಬೀದಿಗೆ ಬಂದವು. ಕೇರಿಯ ಮಕ್ಕಳು ಕೋಣೆಯೊಳಗೆ ದೀಪದ ಸುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ಊರಿನ ಕೆಲವು ಹುಡುಗರು ಬಾಗಿಲಲ್ಲಿ ಇಣುಕಿ, ಪಾಠ ಕೇಳಿಸದಿದ್ದಾಗ ಒಳಗೆ ಸರಿದು, ಕೊನೆಗೆ ಮೊಬೈಲಿನ ಸುತ್ತ ತಲೆಗೆ ತಲೆ ಹಚ್ಚಿದರು. ಹೊರಗೆ ಗೊಬ್ಬರದ ಚೀಲದ ಮೇಲೆ ಹನುಮಂತ್ರಾಯ ಕುಳಿತಿದ್ದ. ಕೊರಳಲ್ಲಿ ಹೊಸ ತಾಯಿತ, ಕೈಯಲ್ಲಿ ನಿಂಬೆಹಣ್ಣು, ಪಕ್ಕದಲ್ಲಿ ಅಧ್ಯಕ್ಷೆ ಚಂದ್ರಕಲಾ. ಆಕೆ ಅಂದೇ ಮೊದಲ ಸಲ ತನ್ನ ಆಫೀಸು ನೋಡಲು ಬಂದಿದ್ದಳು.

ಹನ್ನೆರಡಾಯಿತು.

"ಹನುಮಂತ್ರಾಯ."

ಮಟಮಾರಿಯ ಹುಡುಗ ಅಂದೂ ಇರಲಿಲ್ಲ. ಶಾಲೆ ಮುಚ್ಚಿದ ಮೇಲೆ ಅವನು ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದ. ಅವನ ಮನೆಯಲ್ಲಿ ಮೊಬೈಲೇ ಇರಲಿಲ್ಲ.

"ಹನುಮಂತ್ರಾಯ. ಹೊಡದು ಹಾಕ್ಲೇನು?"

"ಓ ಅನ್ರಿ," ಎಂದು ಚಂದ್ರಕಲಾ ಗಂಡನನ್ನು ತಿವಿದಳು. "ಓ ಅಂದ್ರ ಹೋಗ್ತೀರೋ ಇಲ್ಲೋ, ಯಾರಿಗಿ ಗೊತ್ತು. ಅನ್ಲಿಲ್ಲ ಅಂದ್ರ ಖಾತ್ರಿ ಅದ."

ಹನುಮಂತ್ರಾಯ ಕಣ್ಣು ಮುಚ್ಚಿ, ಗುಡಿಯ ಕಡೆ ಒಮ್ಮೆ ಕೈಮುಗಿದು, ಬಾಗಿಲಿನೊಳಗೆ ತಲೆ ಹಾಕಿ ಸಣ್ಣ ಧ್ವನಿಯಲ್ಲಿ ಹೇಳಿದ: "ಅದೀನ್ರೀ ಸರ್."

"ಎಲ್ಲಿ ಹೋಗಿದ್ದೋ ಇಷ್ಟು ದಿವ್ಸ?"

"ಹೆದರಿದ್ನಿರಿ."

"ಹೆದರಬ್ಯಾಡ. ದಿನಾ ಹನ್ನೆರಡಕ್ಕ ಬಂದು ಕುಂದ್ರು. ಒಂದು ದಿನ ತಪ್ಪಿದ್ರೂ ಹೆಸರು ಉಳಿಯಂಗಿಲ್ಲ. ಹಾಜರಿ ಹಾಕೀನಿ."

ಮಟಮಾರಿಯ ಹುಡುಗನ ಹೆಸರು ಶಾಲೆಯಲ್ಲಿ ಉಳಿಯಿತು. ಹನುಮಂತ್ರಾಯ ಕಣ್ಣು ಬಿಟ್ಟು ತನ್ನ ಕೈಕಾಲು ನೋಡಿಕೊಂಡ. ಎಲ್ಲವೂ ಇದ್ದವು. ಅವನ ಮುಖ ನೋಡಿ ತಾಯಣ್ಣನಿಗೆ ಒಳಗೆ ಏನೋ ಚುಚ್ಚಿತು. ಇನ್ನಾದರೂ ನಿಜ ಹೇಳಿಬಿಡಬೇಕೆಂದು ಮೂರೂ ಮಾಸ್ಕು ಇಳಿಸಿ, ಗಂಟಲು ಸರಿಮಾಡಿಕೊಂಡ.

"ಅಧ್ಯಕ್ಷ್ರೇ, ಅಸಲಿಗಿ ಏನದ ಅಂದ್ರ..."

ವಿಶಾಖಾ ಪಾಠದಿಂದ ಕಣ್ಣೆತ್ತದೆ ಕೈ ಚಾಚಿ ಅಪ್ಪನ ಮಾಸ್ಕು ಮೇಲಕ್ಕೆ ಎಳೆದಳು.

"ನಾ ನಿನ್ನೆ ಎಲ್ಲಾರ ಮುಂದ ಹೇಳೀನಿ ಯಪ್ಪಾ, ಬಂದು ನೋಡ್ರಿ ಅಂತ. ಈಗ ತಾವಾಗೇ ಬಂದಾರ. ಕುಂತು ಕಲೀಲಿ ಬಿಡು."

ಹೊರಗೆ ಹನುಮಂತ್ರಾಯ ಚೀಲದ ಮೇಲೆ ಕೂತು, ನಿಂಬೆಹಣ್ಣು ಬದಿಗಿಟ್ಟು, ಗಾಳಿಯೂ ನೀರೂ ಸೇರಿ ಕಬ್ಬಿಣವನ್ನು ಹೇಗೆ ತಿನ್ನುತ್ತವೆ ಎಂದು ನಡುಗುತ್ತ ಕೇಳತೊಡಗಿದ.